ಮಳೆ ತಿಂದ ಡಬ್ಲ್ಯೂ800: ಕುಶಾಲನಗರದಲ್ಲಿ ಪೂರ್ತಿ ಬಿಚ್ಚಿ ಮಾಡಿಸಿದ ಸರ್ವಿಸ್

ಕೊಡಗಿನಲ್ಲಿ ಬೈಕಿನ ಸರ್ವಿಸ್ ಅನ್ನು ಬರೀ ಕಿಲೋಮೀಟರ್ ನೋಡಿ ಮಾಡಿಸಿದರೆ ಸಾಲದು. ಎಷ್ಟು ಮಳೆಗಾಲ ಕಂಡಿದೆ ಅಂತ ನೋಡಬೇಕು. ನನ್ನ ಕವಾಸಕಿ ಡಬ್ಲ್ಯೂ800 ಸ್ಟ್ರೀಟ್ ಓಡಿದ್ದು ಕಡಿಮೆ. ಮೀಟರ್ ನೋಡಿದವರು "ಇನ್ನೂ ಹೊಸ ಗಾಡಿ ಅಲ್ವಾ" ಅಂತಾರೆ. ಈ ಸಲ ಬಿಚ್ಚಿದಾಗ ಎಂಜಿನ್ ಒಳಗೆ ನಿಜಕ್ಕೂ ಹೊಸದೇ. ಹೊರಗಡೆ, ನೀರು ಮುಟ್ಟುವ ಜಾಗದಲ್ಲೆಲ್ಲ ತುಕ್ಕು, ಪಾಚಿ, ಕೆಂಪು ಮಣ್ಣು. ಮಡಿಕೇರಿ ಸುತ್ತ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಮನೆಯೊಳಗೆ ಗೋಡೆಗೆ ತೂಗುಹಾಕಿದ ಬೆಲ್ಟಿಗೇ ಬೂಷ್ಟು ಹಿಡಿಯುವ ಊರಿನಲ್ಲಿ, ಶೆಡ್‌ನಲ್ಲಿ ನಿಂತ ಬೈಕು ಹೇಗೆ ತಪ್ಪಿಸಿಕೊಳ್ಳುತ್ತದೆ?

ಗಾಡಿಯ ಪರಿಚಯ ಸ್ವಲ್ಪ ಹೇಳಬೇಕು. 773 ಸಿಸಿ, ಎರಡು ಸಿಲಿಂಡರ್, ಏರ್ ಕೂಲ್ಡ್. ರೇಡಿಯೇಟರ್ ಇಲ್ಲ, ಐದೇ ಗೇರು, ಕಡ್ಡಿ ಚಕ್ರ. ತೂಕ 221 ಕೆಜಿ. ಎಂಜಿನ್ನಿನ ಬಲಗಡೆ ಕ್ರೋಮ್ ಕೊಳವೆಯೊಂದು ಮೇಲಿನಿಂದ ಕೆಳಗೆ ಇಳಿದಿರುತ್ತದೆ. ಸುಮ್ನೆ ಅಂದಕ್ಕೆ ಇಟ್ಟಿದ್ದು ಅಂದುಕೊಂಡವರು ಬಹಳ ಜನ. ಅದರೊಳಗೆ ಶಾಫ್ಟ್ ಇದೆ. ಎರಡೂ ತುದಿಗೆ ಬೆವೆಲ್ ಗೇರ್, ಅಂದರೆ ಓರೆ ಹಲ್ಲಿನ ಗೇರ್. ಬಹಳಷ್ಟು ಬೈಕುಗಳಲ್ಲಿ ಟೈಮಿಂಗ್ ಚೈನ್ ಮಾಡುವ, ಸರಿಯಾದ ಹೊತ್ತಿಗೆ ವಾಲ್ವ್ ತೆರೆಸುವ ಕೆಲಸವನ್ನು ಇಲ್ಲಿ ಈ ಗೇರುಗಳು ಮಾಡುತ್ತವೆ. ಚೈನ್ ಸಡಿಲವಾಯಿತು, ಟೆನ್ಷನರ್ ಹೋಯಿತು ಅನ್ನೋ ಮಾತೇ ಇಲ್ಲ.

ಇದರ ವಂಶವೂ ಹಳೆಯದು. ಮೆಗುರೊ ಅನ್ನೋ ಜಪಾನಿನ ಹಳೇ ಕಂಪನಿ 1964ರಲ್ಲಿ ಕವಾಸಕಿಯೊಳಗೆ ಸೇರಿತು. ಮೆಗುರೊದವರು ಮಾಡುತ್ತಿದ್ದ, ಇಂಗ್ಲೆಂಡಿನ ಬಿಎಸ್‌ಎಯನ್ನು ಹೋಲುವ ಎರಡು ಸಿಲಿಂಡರ್ ಬೈಕನ್ನೇ ಬೆಳೆಸಿ 1966ಕ್ಕೆ 624 ಸಿಸಿಯ ಡಬ್ಲ್ಯೂ1 ತಂದರು. 1999ರಲ್ಲಿ ಡಬ್ಲ್ಯೂ650 ಬಂತು, 2011ರಲ್ಲಿ ಡಬ್ಲ್ಯೂ800. ಮಧ್ಯದಲ್ಲಿ ನಿಂತು, 2019ರಲ್ಲಿ ಎಬಿಎಸ್ ಎಲ್ಲ ಸೇರಿಸಿಕೊಂಡು ಮತ್ತೆ ಬಂತು. ಅದೇ ವರ್ಷದ ಕೊನೆಗೆ ಭಾರತಕ್ಕೂ ಬಂತು. ಆಗ ಶೋರೂಂ ಬೆಲೆ 8 ಲಕ್ಷದ ಹತ್ತಿರ. ನಾನು ಕೊಂಡಿದ್ದು ಆಮೇಲೆ, ಬೆಂಗಳೂರಿನಲ್ಲಿ, ಸೆಕೆಂಡ್ ಹ್ಯಾಂಡ್.

ಈ ಬೈಕು ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಹಾಗಿದೆ. ಟಾರ್ಕ್ ಪೂರ್ತಿ 4,800 ಆರ್‌ಪಿಎಂನಲ್ಲೇ ಸಿಗುತ್ತದೆ. ಕಾಫಿ ಮೂಟೆ ತುಂಬಿದ ಪಿಕಪ್ ಹಿಂದೆ ಏರು ಹತ್ತುವಾಗ ಮೂರನೇ ಗೇರಿನಲ್ಲೇ ಎಳೆಯುತ್ತದೆ, ಸುಮ್ನೆ ಗೇರ್ ಬದಲಾಯಿಸುತ್ತಾ ಕೂರಬೇಕಾಗಿಲ್ಲ.

ತೊಂದರೆ ಶುರುವಾದದ್ದು ಆಗಸ್ಟ್ ಕೊನೆಯಲ್ಲಿ. ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಬರುವಾಗ ಬೋಯಿಕೇರಿ ಹತ್ತಿರ ಎಂಜಿನ್ ಪಟ್ಟನೆ ಆಫ್ ಆಯಿತು. ನ್ಯೂಟ್ರಲ್‌ಗೆ ತಂದು ಬಟನ್ ಒತ್ತಿದರೆ ತಕ್ಷಣ ಸ್ಟಾರ್ಟ್. ಐಡ್ಲಿಂಗ್ ಕೂಡ ಚೆನ್ನಾಗಿದೆ. ಗೇರ್ ಹಾಕಿದ ಕೂಡಲೇ ಮತ್ತೆ ಆಫ್. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ, ಮಳೆ ಜೋರಾದರೆ ಮತ್ತೆ ಅದೇ ಕತೆ. ಪೆಟ್ರೋಲ್‌ನಲ್ಲಿ ನೀರು ಸೇರಿದೆ ಅಂದರು ಕೆಲವರು. ಆದರೆ ಪೆಟ್ರೋಲ್‌ನಲ್ಲಿ ನೀರಿದ್ದರೆ ಎಂಜಿನ್ ಮುಗ್ಗರಿಸುತ್ತದೆ, ಎಳೆಯೋದು ಕಮ್ಮಿಯಾಗುತ್ತದೆ. ಹೀಗೆ ಸ್ವಿಚ್ ಆರಿಸಿದ ಹಾಗೆ ನಿಲ್ಲೋದಿಲ್ಲ. ಗೇರ್ ಹಾಕಿದಾಗ ಮಾತ್ರ ನಿಂತರೆ ಮೊದಲು ನೋಡಬೇಕಾದ್ದು ಸೈಡ್ ಸ್ಟ್ಯಾಂಡ್ ಸ್ವಿಚ್.

ಅದರ ಜೊತೆಗೆ ಹಿಂದಿನ ಚಕ್ರ ಬಿಗಿಯಾಗಿ ತಿರುಗುತ್ತಿತ್ತು. ಹ್ಯಾಂಡಲ್ ನೇರ ಇದ್ದಾಗ ಒಂದು ಕಡೆ ಕಚ್ಚಿಕೊಂಡ ಹಾಗೆ ಅನ್ನಿಸುತ್ತಿತ್ತು. ಹೇಗೂ ಬಿಚ್ಚಬೇಕು, ಪೂರ್ತಿ ಸರ್ವಿಸ್ ಮಾಡಿಸಿಬಿಡೋಣ ಅಂತ ತೀರ್ಮಾನಿಸಿದೆ.

ಎಲ್ಲಿ ಮಾಡಿಸೋದು ಅನ್ನೋದೇ ಇಲ್ಲಿಯವರಿಗೆ ದೊಡ್ಡ ಪ್ರಶ್ನೆ. ದೊಡ್ಡ ಜಪಾನಿ ಬೈಕು ಇಟ್ಟುಕೊಂಡವರು ಸಾಮಾನ್ಯವಾಗಿ ಬೆಂಗಳೂರಿಗೆ ಓಡುತ್ತಾರೆ. ಮಡಿಕೇರಿಯಿಂದ ಇನ್ನೂರೈವತ್ತು ಕಿಲೋಮೀಟರ್ ಮೀರುತ್ತದೆ. ಮಧ್ಯದಲ್ಲಿ ಆಫ್ ಆಗುವ ಗಾಡಿಯಲ್ಲಿ ಅಷ್ಟು ದೂರ ಹೋಗುವ ಹಾಗಿಲ್ಲ, ಪಿಕಪ್‌ನಲ್ಲಿ ಕಳಿಸಿದರೆ ಬಾಡಿಗೆಯೇ ಸರ್ವಿಸ್ ಬಿಲ್ಲಿನಷ್ಟಾಗುತ್ತದೆ. ಕುಶಾಲನಗರದಲ್ಲಿ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾರೆ. ಬೆಂಗಳೂರಿನಲ್ಲಿ ದೊಡ್ಡ ಬೈಕುಗಳ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು. ಈಗ ಬುಲೆಟ್, ಜೀಪು, ತೋಟದ ಮೋಟರು ಎಲ್ಲ ನೋಡುತ್ತಾರೆ. ವಯಸ್ಸಿನಲ್ಲಿ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯೋದು.

ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಸೈಡ್ ಸ್ಟ್ಯಾಂಡ್ ಬುಡ ನೋಡಿ ಹೇಳಿದರು: "ಎಂಜಿನ್ನಿಗೆ ಏನೂ ಆಗಿಲ್ಲ ಮಾರಾಯ್ರೆ. ನೀರು ಕುಡಿದಿದೆ ಅಷ್ಟೇ. ಆದರೆ ಅರ್ಜೆಂಟ್ ಮಾಡಬೇಡಿ. ಇವತ್ತು ಬಿಟ್ಟು ಹೋಗಿ, ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ನೋಡೋಣ." ಟ್ಯಾಪೆಟ್ ನೋಡೋದು ಅಂದರೆ ಎಂಜಿನ್ನಿನ ವಾಲ್ವಿಗೂ ಅದನ್ನು ಒತ್ತುವ ರಾಕರ್ ಅನ್ನೋ ತೋಳಿಗೂ ನಡುವಿನ ಸಣ್ಣ ಗ್ಯಾಪ್ ಅಳೆಯೋದು.

ಮೊದಲು ಸೀಟು ತೆಗೆದರು. ಸೀಟಿನಡಿ ಇಲಿ ಗೂಡು! ಬೈಕು ನಿಲ್ಲಿಸುತ್ತಿದ್ದದ್ದು ಕಾಫಿ ಗೋಡೌನ್ ಪಕ್ಕದ ಶೆಡ್‌ನಲ್ಲಿ. ಚೆರಿ ಕಾಫಿಯ ಒಣ ಸಿಪ್ಪೆ, ಗೋಣಿಚೀಲದ ನಾರು, ಹರಿದ ಪ್ಲಾಸ್ಟಿಕ್ ಎಲ್ಲ ತಂದು ಬ್ಯಾಟರಿ ಪಕ್ಕ ಮೆತ್ತಗೆ ಹಾಸಿತ್ತು. ಹಿಂದಿನ ಲೈಟಿಗೆ ಹೋಗುವ ಒಂದು ವಯರಿನ ಮೇಲುಹೊದಿಕೆ ಕಡಿದು ತಾಮ್ರ ಕಾಣುತ್ತಿತ್ತು. ಅಣ್ಣ ಅದನ್ನು ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಶ್ರಿಂಕ್ ಸ್ಲೀವ್ ಹಾಕಿದರು. ಬರೀ ಟೇಪ್ ಸುತ್ತಿದರೆ ನಮ್ಮ ತೇವಕ್ಕೆ ಅಂಟು ಬಿಟ್ಟು, ಒಳಗೆ ತಾಮ್ರ ಹಸಿರಾಗುತ್ತದೆ. ಅಲ್ಲೇ ಇದ್ದ, ವಯರುಗಳನ್ನು ಜೋಡಿಸುವ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನೀರು ನಿಲ್ಲದ ಗ್ರೀಸ್ ಸವರಿ ಕೂರಿಸಿದರು.

ಆಮೇಲೆ ಸೈಡ್ ಸ್ಟ್ಯಾಂಡ್ ಸ್ವಿಚ್. ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದರೆ ಎಂಜಿನ್ ನಿಲ್ಲಬೇಕು, ಅದಕ್ಕಂತಲೇ ಇಟ್ಟ ಸ್ವಿಚ್ ಇದು. ಮುಂದಿನ ಚಕ್ರ ಎರಚುವ ಕೆಸರು ನೇರ ಅಲ್ಲಿಗೇ ಬಡಿಯುತ್ತದೆ. ಒಳಗೆ ಕೆಂಪು ಮಣ್ಣು ಸೇರಿ ಸ್ಪ್ರಿಂಗ್ ಪೂರ್ತಿ ಹೊರಗೆ ಬರುತ್ತಿರಲಿಲ್ಲ. ಸ್ಟ್ಯಾಂಡ್ ಮೇಲಿದ್ದರೂ ಗಾಡಿ ಮಾತ್ರ ಕೆಳಗಿದೆ ಅಂತ ತಿಳಿದುಕೊಳ್ಳುತ್ತಿತ್ತು. ಮಲ್ಟಿಮೀಟರ್ ಹಿಡಿದು ಸ್ಟ್ಯಾಂಡನ್ನು ಮೇಲೆ ಕೆಳಗೆ ಆಡಿಸಿದಾಗ ಬೀಪ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಸ್ವಿಚ್ಚಿನ ಮೇಲೆ ಸ್ವಲ್ಪ ನೀರು ಹಾಕಿದಾಗ ಬೀಪ್ ಪೂರ್ತಿ ನಿಂತಿತು. ರೋಗ ಸಿಕ್ಕಿತು.

ಪಕ್ಕದಲ್ಲಿ ನಿಂತಿದ್ದ ಒಬ್ಬರು "ಆ ಎರಡು ವಯರ್ ಸೇರಿಸಿ ಬಿಡಿ, ಸ್ವಿಚ್ಚೇ ಬೇಡ" ಅಂದರು. ಬಹಳ ಜನ ಹಾಗೇ ಮಾಡುತ್ತಾರೆ. ಅಣ್ಣ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಸ್ಟ್ಯಾಂಡ್ ಎಡಗಡೆ ಇದೆ. ಮಡಚಲು ಮರೆತು ಎಡ ತಿರುವಿಗೆ ಬಾಗಿದರೆ ಸ್ಟ್ಯಾಂಡ್ ನೆಲಕ್ಕೆ ತಗುಲಿ ಗಾಡಿಯನ್ನೇ ಎತ್ತಿ ಹಾಕುತ್ತದೆ. ಇಲ್ಲಿ ಎಷ್ಟೋ ಮನೆಗಳ ಗೇಟು ದಾಟಿದ ಕೂಡಲೇ ತಿರುವು, ಪಕ್ಕಕ್ಕೇ ಇಳಿಜಾರು. 221 ಕೆಜಿ ಮೈಮೇಲೆ ಬಿದ್ದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಬೆಂಗಳೂರಿಗೆ ಫೋನ್ ಮಾಡಿ ಹೊಸ ಸ್ವಿಚ್ ಹೇಳಿದೆ, ಬಸ್ಸಿಗೆ ಹಾಕಿ ಕಳಿಸಿದರು. ಅದು ಬರುವ ತನಕ ಉಳಿದ ಕೆಲಸ.

ಹಿಂದಿನ ಡಿಸ್ಕ್ ಬ್ರೇಕ್ ಬಿಚ್ಚಿದಾಗ ಚಕ್ರ ಬಿಗಿಯಾದದ್ದಕ್ಕೆ ಕಾರಣ ಕಂಡಿತು. ಡಿಸ್ಕಿಗೆ ಪ್ಯಾಡು ಒತ್ತುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಒಂದು ಪಿನ್ ಚೆನ್ನಾಗಿ ಬಂತು. ಇನ್ನೊಂದು ಅಲ್ಲಾಡಲೇ ಇಲ್ಲ. ಬಿಸಿ ಮಾಡಿ, ಎಣ್ಣೆ ಬಿಟ್ಟು, ತಿರುಗಿಸುತ್ತಾ ಎಳೆದಾಗ ಕಂದು ಪುಡಿ ಮೆತ್ತಿಕೊಂಡು ಹೊರಗೆ ಬಂತು. ರಬ್ಬರ್ ಬೂಟಿನಲ್ಲಿ ಸಣ್ಣ ಸೀಳು ಬಿದ್ದು ನೀರು ಒಳಗೆ ಹೋಗಿತ್ತು. ಒಂದು ಕಡೆ ಹಿಡಿದುಕೊಂಡದ್ದರಿಂದ ಒಳಗಿನ ಪ್ಯಾಡು ಹೊರಗಿನದ್ದಕ್ಕಿಂತ ಬಹಳ ಸವೆದಿತ್ತು. ಪಿನ್ನನ್ನು ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿ, ಸಿಲಿಕೋನ್ ಗ್ರೀಸ್ ಹಾಕಿ, ಹೊಸ ಬೂಟು ಹಾಕಿದರು. ಇಲ್ಲಿ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿಕೊಳ್ಳುತ್ತದೆ. ಪ್ಯಾಡು ಎರಡೂ ಹೊಸದು.

ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿದೆವು. ಹಳೆಯದು ಕಪ್ಪು ಚಹಾ ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯೋದು ಕನಿಷ್ಠ 230 ಡಿಗ್ರಿಗೆ. ತೇವ ಎಳೆದುಕೊಂಡ ಮೇಲೆ ಅದು 155ರ ತನಕ ಇಳಿಯಬಹುದು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಹೋಗುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಆಯಿಲ್ ಕುದ್ದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ, ಗಾಡಿ ನಿಲ್ಲೋದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಊರಿಗೆ ವರ್ಷಕ್ಕೊಮ್ಮೆ ಅಂತಲೇ ನನ್ನ ಲೆಕ್ಕ. ಖರ್ಚು ಎಷ್ಟು ಮಹಾ!

ಮಾರನೇ ದಿನ ಬೆಳಿಗ್ಗೆ ಟ್ಯಾಪೆಟ್. ಈ ಕೆಲಸ ನೋಡೋಕೆ ಅಂತಲೇ ನಾನು ಬೇಗ ಹೋಗಿದ್ದೆ. ಪೆಟ್ರೋಲ್ ಟ್ಯಾಂಕ್ ಇಳಿಸುವಾಗ ಮೊದಲು ಪಂಪಿನ ಕಪ್ಲರ್ ತೆಗೆದು, ಪೈಪ್ ಸುತ್ತ ಬಟ್ಟೆ ಹಿಡಿದು ಬಿಡಿಸಿದರು. ಇಂಜೆಕ್ಷನ್ ಗಾಡಿಯ ಪೈಪಿನಲ್ಲಿ ಪ್ರೆಶರ್ ಇರುತ್ತದೆ, ಹಾಗೇ ಎಳೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಪ್ಲಗ್ ಬಿಚ್ಚಿದರು. ಎರಡೂ ಪ್ಲಗ್ಗಿನ ತುದಿ ಒಂದೇ ಸಮ ತಿಳಿ ಕಂದು. ಒಳಗೆ ಚೆನ್ನಾಗಿ ಉರಿಯುತ್ತಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಟ್ಯಾಪೆಟ್ ಕವರ್ ತೆಗೆದಾಗ ರಾಕರ್‌ಗಳು ಎಣ್ಣೆಯಲ್ಲಿ ನೆಂದು ಹೊಳೆಯುತ್ತಿದ್ದವು. ತುಕ್ಕಿನ ಒಂದು ಚುಕ್ಕೆಯೂ ಇಲ್ಲ.

ಈಗಿನ ದೊಡ್ಡ ಬೈಕುಗಳಲ್ಲಿ ಬಹುಪಾಲಿಗೆ ಟ್ಯಾಪೆಟ್ ಗ್ಯಾಪ್ ಹೊಂದಿಸಲು ಕ್ಯಾಮ್ ಶಾಫ್ಟ್ ಎತ್ತಿ, ಕೆಳಗಿರುವ ಶಿಮ್ ಅನ್ನೋ ತೆಳು ಬಿಲ್ಲೆ ಬದಲಾಯಿಸಬೇಕು. ಬೇಕಾದ ಅಳತೆಯ ಶಿಮ್ ಇಲ್ಲದಿದ್ದರೆ ಅದು ಬರುವ ತನಕ ಎಂಜಿನ್ ಬಾಯಿ ತೆರೆದುಕೊಂಡು ಕೂರಬೇಕು. ಡಬ್ಲ್ಯೂ800ನಲ್ಲಿ ಸ್ಕ್ರೂ ಮತ್ತು ಲಾಕ್ ನಟ್. ನಮ್ಮೂರಿನ ಹಳೇ ಜೀಪ್ ಮೆಕ್ಯಾನಿಕ್‌ಗೂ ಗೊತ್ತಿರುವ ಕೆಲಸ. ಒಂದು ಸ್ಪ್ಯಾನರ್, ಗ್ಯಾಪ್ ಅಳೆಯುವ ತೆಳು ಉಕ್ಕಿನ ಎಲೆಗಳ ಒಂದು ಫೀಲರ್ ಗೇಜ್, ತಾಳ್ಮೆ ಇದ್ದರೆ ಆಯಿತು. ಕೊಡಗಿನಂಥ ಕಡೆ ಇರುವವರಿಗೆ ಈ ಒಂದು ಕಾರಣಕ್ಕೇ ಈ ಬೈಕು ಇಟ್ಟುಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಎರಡೂ ಪಿಸ್ಟನ್ ಒಟ್ಟಿಗೇ ಮೇಲೆ ಬರುತ್ತವೆ, ಒಟ್ಟಿಗೇ ಇಳಿಯುತ್ತವೆ. ಆದರೆ ಉರಿಯೋದು ಸರದಿಯ ಮೇಲೆ, ಒಂದು ಸುತ್ತಿಗೆ ಒಂದು. ಹಾಗಾಗಿ ಟೈಮಿಂಗ್ ಗುರುತು ಸರಿ ಕೂತ ಮಾತ್ರಕ್ಕೆ ಯಾವ ಸಿಲಿಂಡರಿಗೆ ಕೈ ಹಾಕಬೇಕು ಅಂತ ಗೊತ್ತಾಗೋದಿಲ್ಲ. ಅಣ್ಣ ಕ್ರ್ಯಾಂಕ್ ಬೋಲ್ಟ್ ತಿರುಗಿಸಿ ಗುರುತಿಗೆ ತಂದು ನಿಲ್ಲಿಸಿದರು. ಆಮೇಲೆ ನನ್ನ ಬೆರಳು ಹಿಡಿದು ಎಡ ಸಿಲಿಂಡರಿನ ರಾಕರ್ ಮೇಲೆ ಇಟ್ಟರು. "ಅಲ್ಲಾಡಿಸಿ ನೋಡಿ." ಸಣ್ಣಗೆ ಟಿಕ್ ಟಿಕ್ ಅಂತ ಆಡಿತು. "ಈಗ ಬಲಗಡೆ." ಅದು ಒಂಚೂರೂ ಆಡಲಿಲ್ಲ. ಆಡುವ ಕಡೆ ವಾಲ್ವ್ ನಾಲ್ಕೂ ಮುಚ್ಚಿವೆ, ಅದನ್ನೇ ಮೊದಲು ಸೆಟ್ ಮಾಡಬೇಕು. ಆಮೇಲೆ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ತಿರುಗಿಸಿ ಇನ್ನೊಂದು ಕಡೆ. ಒಟ್ಟು ಎಂಟು ವಾಲ್ವ್.

ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಲೆಟ್ ವಾಲ್ವ್‌ಗಳು ಸರಿಯಿದ್ದವು. ಬಲ ಸಿಲಿಂಡರಿನ, ಹೊಗೆ ಹೊರಬಿಡುವ ಒಂದು ಎಕ್ಸಾಸ್ಟ್ ವಾಲ್ವಿಗೆ ಪುಸ್ತಕದಲ್ಲಿ ಹೇಳಿದ ಅತಿ ತೆಳು ಎಲೆಯೂ ಬಿಗಿಯಾಯಿತು. ಟ್ಯಾಪೆಟ್ ಲೂಸ್ ಆದರೆ ಟಕ ಟಕ ಸದ್ದು ಬರುತ್ತದೆ, ಎಲ್ಲರಿಗೂ ಗೊತ್ತು. ಟೈಟ್ ಆದರೆ ಸದ್ದೇ ಇಲ್ಲ, ಎಂಜಿನ್ ಇನ್ನೂ ನಯವಾದ ಹಾಗೆ ಕೇಳಿಸುತ್ತದೆ. ಅಪಾಯ ಇರೋದು ಅಲ್ಲೇ. ವಾಲ್ವ್ ಪೂರ್ತಿ ಮುಚ್ಚದಿದ್ದರೆ ತನ್ನ ಬಿಸಿಯನ್ನು ಸೀಟಿಗೆ ದಾಟಿಸೋಕೆ ಆಗೋದಿಲ್ಲ, ಕೊನೆಗೆ ಅಂಚು ಸುಟ್ಟುಹೋಗುತ್ತದೆ. ಸದ್ದು ಬಂದಾಗ ನೋಡೋಣ ಅಂತ ಕಾಯುವವರಿಗೆ ಇದು ಗೊತ್ತೇ ಆಗೋದಿಲ್ಲ.

ಅಣ್ಣ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, ಎಲೆ ಒಳಗೆ ಬಿಟ್ಟು ಎಳೆದರು. ನಟ್ ಬಿಗಿ ಮಾಡಿದ ಮೇಲೆ ಮತ್ತೆ ಎಲೆ ಹಾಕಿ ನೋಡಿದರು. ನಟ್ ಬಿಗಿಯುವಾಗ ಸ್ಕ್ರೂ ಕೂಡ ಸ್ವಲ್ಪ ಜೊತೆಗೆ ತಿರುಗಿಬಿಡುತ್ತದೆ, ಗ್ಯಾಪ್ ಬದಲಾಗುತ್ತದೆ. ಹೀಗೆ ಬಿಚ್ಚಿ, ಬಿಗಿದು, ಮತ್ತೆ ನೋಡಿ, ಆ ಒಂದೇ ವಾಲ್ವಿಗೆ ಬಹಳ ಹೊತ್ತು ಕೊಟ್ಟರು. ಕೊನೆಗೆ ನನ್ನ ಕೈಗೆ ಗೇಜ್ ಕೊಟ್ಟರು. ಎಲೆ ಜಾರುತ್ತದೆ, ಆದರೆ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಒಂದು ಮೆದು ಹಿಡಿತ ಇದೆ. ಆ ಹಿಡಿತ ಒಂದು ಸಲ ಕೈಗೆ ಗೊತ್ತಾದರೆ ಮತ್ತೆ ಮರೆಯೋದಿಲ್ಲ.

ಟ್ಯಾಪೆಟ್ ಆದ ಮೇಲೆ, ಎಂಜಿನ್ನಿಗೆ ಗಾಳಿ ಬಿಡುವ ಎರಡು ಥ್ರಾಟಲ್ ಬಾಡಿಗೂ ವ್ಯಾಕ್ಯೂಮ್ ಗೇಜ್ ಹಾಕಿ, ಎರಡು ಮುಳ್ಳೂ ಒಂದೇ ಕಡೆ ನಿಲ್ಲುವ ತನಕ ಹೊಂದಿಸಿದರು. ಎಂಜಿನ್ ಆಯಿಲ್, ಫಿಲ್ಟರ್, ಏರ್ ಫಿಲ್ಟರ್ ಬದಲಾವಣೆ ಮಾಮೂಲಿ ಕೆಲಸ. ಏರ್ ಕೂಲ್ಡ್ ಎಂಜಿನ್ನಿಗೆ ತಂಪು ಕೊಡೋದರಲ್ಲಿ ಆಯಿಲ್‌ನ ಪಾಲೂ ದೊಡ್ಡದು, ಅದರಲ್ಲಿ ಉಳಿತಾಯ ನೋಡಬಾರದು.

ಹ್ಯಾಂಡಲ್ ಕಚ್ಚೋದಕ್ಕೆ ಜೀಪ್ ಎಂಜಿನ್ ಎತ್ತುವ ಚೈನ್ ಬ್ಲಾಕ್ ಉಪಯೋಗಕ್ಕೆ ಬಂತು. ಮುಂಭಾಗಕ್ಕೆ ಅಗಲ ಪಟ್ಟಿ ಕಟ್ಟಿ, ತೊಲೆಯಿಂದ ಮೇಲೆತ್ತಿದರು. ಹ್ಯಾಂಡಲ್ ತಿರುಗಿಸುವ ಬೇರಿಂಗುಗಳಾದ ಕೋನ್ ಸೆಟ್ ಬಿಚ್ಚಿದರೆ ಗ್ರೀಸ್ ಒಣಗಿ ಮೇಣದ ಹಾಗಾಗಿತ್ತು, ಕೆಳಗಿನದ್ದರಲ್ಲಿ ನೀರಿನ ಗುರುತು. ಗುಳಿ ಬಿದ್ದಿರಲಿಲ್ಲ, ಅದೇ ಪುಣ್ಯ. ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸ್ ತುಂಬಿ ಕೂರಿಸಿದರು. ಪ್ರೆಶರ್ ವಾಟರ್ ಸರ್ವಿಸ್ ಮಾಡಿಸುವವರು ದಯವಿಟ್ಟು ಈ ಜಾಗಕ್ಕೆ, ಚಕ್ರದ ಬೇರಿಂಗಿಗೆ, ಚೈನಿಗೆ ನೇರ ಪೈಪ್ ಹಿಡಿಯೋಕೆ ಬಿಡಬೇಡಿ. ಮಳೆ ಮೇಲಿನಿಂದ ಬೀಳುತ್ತದೆ, ಪಂಪಿನ ನೀರು ಸೀಲ್ ದಾಟಿ ಒಳಗೇ ನುಗ್ಗುತ್ತದೆ.

ಕಡ್ಡಿ ಚಕ್ರಕ್ಕೆ ಅಣ್ಣನ ಪರೀಕ್ಷೆ ಸರಳ. ಸಣ್ಣ ಸ್ಪ್ಯಾನರ್ ಹಿಡಿದು ಒಂದೊಂದೇ ಕಡ್ಡಿಗೆ ತಟ್ಟುತ್ತಾ ಹೋದರು. ಟಣ್, ಟಣ್, ಟಣ್, ಡಬ್. ಡಬ್ ಅಂದ ಕಡ್ಡಿ ಸಡಿಲ. ಹಿಂದಿನ ಚಕ್ರದಲ್ಲಿ ಹಾಗೆ ಕೆಲವು ಸಿಕ್ಕವು. ಕಡ್ಡಿ ಬಿಗಿಯುವ ನಟ್ಟಾದ ನಿಪ್ಪಲ್ ಬುಡದಲ್ಲಿ ಬಿಳಿ ಪುಡಿ ಕಟ್ಟಿತ್ತು. ಹಾಗೇ ತಿರುಗಿಸಿದರೆ ಮುರಿಯುತ್ತದೆ ಅಂತ ರಾತ್ರಿಯಿಡೀ ಎಣ್ಣೆ ಬಿಟ್ಟು, ಬೆಳಿಗ್ಗೆ ಬಿಗಿ ಮಾಡಿದರು. ಚೈನನ್ನು ಸೀಮೆಎಣ್ಣೆ, ಮೆತ್ತನೆ ಬ್ರಶ್‌ನಲ್ಲಿ ತೊಳೆದರು. ಪೆಟ್ರೋಲ್ ಹಾಕಿದರೆ ಒಳಗಿನ ರಬ್ಬರ್ ಉಂಗುರ ಹಾಳಾಗುತ್ತದೆ.

ಸ್ವಿಚ್ ಬಂತು, ಹಾಕಿದ್ದಾಯಿತು. ಅಣ್ಣ ಅದರ ಮುಂದೆ ಹಳೇ ಟ್ಯೂಬಿನ ರಬ್ಬರ್ ತುಂಡನ್ನು ಅಡ್ಡ ಕಟ್ಟಿದರು, ಕೆಸರು ನೇರ ಬಡಿಯದ ಹಾಗೆ. ಬಕೆಟ್ ನೀರು ಸುರಿದು, ಎಂಜಿನ್ ಆನ್ ಇಟ್ಟು, ಗೇರ್ ಹಾಕಿ ನೋಡಿದೆವು. ನಿಲ್ಲಲಿಲ್ಲ. ಸ್ಟ್ಯಾಂಡ್ ಇಳಿಸಿದೆವು, ನಿಂತಿತು. ಹಾಗೇ ಇರಬೇಕು.

ಟೆಸ್ಟಿಗೆ ಕುಶಾಲನಗರದಿಂದ ಮಡಿಕೇರಿ ತನಕ ಹೋಗಿ ಬಂದೆ. ಆನೆಕಾಡು ದಾಟುವಾಗ ಸಣ್ಣ ಮಳೆಯೂ ಬಂತು. ಹ್ಯಾಂಡಲ್ ಹಗುರ. ಹಿಂದಿನ ಚಕ್ರ ಬಿಟ್ಟರೆ ತನ್ನಷ್ಟಕ್ಕೆ ಉರುಳುತ್ತದೆ. ಐಡ್ಲಿಂಗ್‌ನಲ್ಲಿ ಸೈಲೆನ್ಸರ್ ಸದ್ದು ಸಮನಾಗಿ, ಒಂದೇ ಲಯದಲ್ಲಿ ಬರುತ್ತಿದೆ. ಟ್ಯಾಪೆಟ್‌ನಿಂದ ಈಗ ಸ್ವಲ್ಪ ಸದ್ದು ಕೇಳಿಸುತ್ತದೆ, ಅದು ಆರೋಗ್ಯದ ಸದ್ದು. ಅಣ್ಣನ ಕೂಲಿ, ಸಾಮಾನು ಎಲ್ಲ ಸೇರಿದರೂ ಬೆಂಗಳೂರಿಗೆ ಪಿಕಪ್‌ನಲ್ಲಿ ಕಳಿಸಿ ತರಿಸುವುದಕ್ಕಿಂತ ಕಡಿಮೆ ಆಯಿತು. ನೋಡುತ್ತಾ ಕಲಿತದ್ದು ಬೇರೆ.

ಇನ್ನು ಮೇಲೆ ಈ ಪೂರ್ತಿ ಸರ್ವಿಸ್ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ದಸರಾ ಆಯುಧಪೂಜೆಗೆ ಮುಂಚೆ. ಮೇ ಕೊನೆಯಲ್ಲಿ ಸಣ್ಣ ತಯಾರಿ ಬೇರೆ: ಟ್ಯಾಂಕ್ ಕಂಠದ ತನಕ ತುಂಬಿಸೋದು, ಒಳಗೆ ಖಾಲಿ ಜಾಗ ಇದ್ದಷ್ಟೂ ತೇವ ಕೂರುತ್ತದೆ. ಕ್ಯಾಲಿಪರ್ ಪಿನ್ನಿಗೆ ಗ್ರೀಸ್. ಕ್ರೋಮಿಗೆ, ಕಡ್ಡಿಗೆ ತೆಳ್ಳಗೆ ಮೇಣ. ವಾರಗಟ್ಟಲೆ ಓಡಿಸದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡೋದು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗೋದಿಲ್ಲ, ಚಾರ್ಜರ್ ನಂಬಿ ಕೂರುವ ಹಾಗಿಲ್ಲ. ಬೈಕನ್ನು ಗೋಡೌನ್ ಪಕ್ಕದಿಂದ ಮನೆ ಮುಂದಿನ ಶೆಡ್ಡಿಗೆ ತಂದಿದ್ದೇನೆ. ಮೈಮುಚ್ಚುವ ಪ್ಲಾಸ್ಟಿಕ್ ಕವರ್ ತೆಗೆದುಹಾಕಿದೆ, ಅದರೊಳಗೆ ಬೆವರು ಕಟ್ಟಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಈಗ ತೆಳು ಕಾಟನ್ ಬಟ್ಟೆ ಸಾಕು.

ಮುಂದಿನ ಫೋರ್ಕಿನ ಎಡಗಡೆ ಸೀಲ್ ಸ್ವಲ್ಪ ಒಸರುತ್ತಿದೆ. ಎರಡೂ ಕಡೆಯ ಸೀಲ್ ಹೇಳಿ ಆಗಿದೆ. ಕಾಫಿ ಕೊಯ್ಲು ಮುಗಿದ ಕೂಡಲೇ ಗಾಡಿ ಮತ್ತೆ ಅಣ್ಣನ ಚೈನ್ ಬ್ಲಾಕಿಗೆ.